ಬಲಗೈಗೆ ಬಿಟ್ಟ ಜಾಗ

ಮ್ಯಾಡ್ರಿಡ್ ಇರಲಿ, ನೇಪಲ್ಸ್ ಇರಲಿ, ಹಳೆಯ ಸಂಗೀತವನ್ನು ಹಳೆಯ ಬಗೆಯ ವಾದ್ಯಗಳಲ್ಲೇ ನುಡಿಸುವ ಯಾವುದೇ ಊರಿನ ಸಣ್ಣ ಸಭಾಂಗಣಕ್ಕೆ ಕಛೇರಿಗೆ ಒಂದು ಗಂಟೆ ಮೊದಲೇ ಹೋಗಿ, ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕೂತುಬಿಡಬೇಕು. ಕುರ್ಚಿಗಳೆಲ್ಲ ಖಾಲಿ. ದೀಪಗಳು ಅರ್ಧದಷ್ಟೇ ಹೊತ್ತಿವೆ. ವೇದಿಕೆಯ ನಡುವೆ ಹಕ್ಕಿಯ ರೆಕ್ಕೆಯ ಆಕಾರದ, ಉದ್ದನೆಯ ಮರದ ಪೆಟ್ಟಿಗೆಯೊಂದು ಮುಚ್ಚಳ ಎತ್ತಿಕೊಂಡು ನಿಂತಿದೆ. ಅದರ ಮೇಲೆ ಬಾಗಿದವರೊಬ್ಬರು ಒಂದೇ ಮನೆಯನ್ನು ಎಡಗೈಯಿಂದ ಮತ್ತೆ ಮತ್ತೆ ಒತ್ತುತ್ತಾರೆ, ಬಲಗೈಯಲ್ಲಿ ಹಿಡಿದ ಕೀಲಿಯಿಂದ ಬಿರಡೆಯನ್ನು ಕೂದಲೆಳೆಯಷ್ಟು ತಿರುವುತ್ತಾರೆ, ಕಿವಿಯನ್ನು ಹಲಗೆಗೆ ಹತ್ತಿರ ತಂದು ಕಣ್ಣು ಮುಚ್ಚುತ್ತಾರೆ. ಟಿಣ್, ಟಿಣ್, ಟಿಣ್. ಎರಡು ತಂತಿಗಳ ನಡುವೆ ಅಲೆ ಅಲೆಯಾಗಿ ಏಳುತ್ತಿದ್ದ ಕಂಪನ ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ನಿಂತೇ ಹೋಗುತ್ತದೆ. ಶ್ರುತಿ ಕೂಡಿತು. ಅವರು ಮುಂದಿನ ತಂತಿಗೆ ಹೋಗುತ್ತಾರೆ. ಇಂಥ ತಂತಿಗಳು ನೂರಕ್ಕೂ ಹೆಚ್ಚು. ಜನ ತುಂಬಿ ಕೋಣೆ ಬಿಸಿಯಾದರೆ ಅವುಗಳಲ್ಲಿ ಒಂದಷ್ಟು ಮತ್ತೆ ಜಾರುತ್ತವೆ. ವಿರಾಮದಲ್ಲಿ ಅದೇ ಕೀಲಿ, ಅದೇ ಬಾಗಿದ ಬೆನ್ನು.

ಇದು ಹಾರ್ಪ್ಸಿಕಾರ್ಡ್. ನೋಡಲು ಪಿಯಾನೊ ಜಾತಿಯದು ಅನ್ನಿಸಿದರೂ ಒಳಗಿನ ಕೆಲಸವೇ ಬೇರೆ. ಪಿಯಾನೊ ತಂತಿಯನ್ನು ಸುತ್ತಿಗೆಯಿಂದ ಬಡಿಯುತ್ತದೆ, ಇದು ಮೀಟುತ್ತದೆ. ಮನೆ ಒತ್ತಿದೊಡನೆ ತೆಳ್ಳನೆಯ ಮರದ ಪಟ್ಟಿಯೊಂದು ಮೇಲೆದ್ದು, ಅದರ ಪಕ್ಕದಲ್ಲಿ ಚಾಚಿಕೊಂಡ ಪುಟ್ಟ ಮೊನೆ ತಂತಿಯನ್ನು ತೀಡಿ ಬಿಡುತ್ತದೆ. ಆ ಮೊನೆಯನ್ನು ಹಿಂದೆ ಹಕ್ಕಿಯ ಗರಿಯ ದಂಟಿನಿಂದ ಕೆತ್ತುತ್ತಿದ್ದರು, ಈಗ ಹೆಚ್ಚಿನವರು ಪ್ಲಾಸ್ಟಿಕ್ ಹಾಕುತ್ತಾರೆ. ಬೆರಳು ಮೆಲ್ಲಗೆ ಬಿದ್ದರೂ ಜೋರಾಗಿ ಬಿದ್ದರೂ ಸದ್ದಿನ ಗಾತ್ರ ಹೆಚ್ಚುಕಡಿಮೆ ಒಂದೇ. ಹುಟ್ಟಿದ ಕ್ಷಣದಲ್ಲಿ ಮಿಂಚುವ ಸ್ವರ ಮರುಕ್ಷಣದಿಂದಲೇ ಕರಗತೊಡಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು, ಊದಿ ಹಿಗ್ಗಿಸಲು ಬೆರಳಿಗೆ ಯಾವ ದಾರಿಯೂ ಇಲ್ಲ. ಹಿಗ್ಗಿಸಬೇಕೆಂದರೆ ಕಮಾನು ಬೇಕು.

ಕಮಾನು ಹಿಡಿದವರು ಅಷ್ಟರಲ್ಲಿ ಬಂದೇ ಬಿಡುತ್ತಾರೆ. ಪೆಟ್ಟಿಗೆ ತೆರೆದೊಡನೆ ರಾಳದ ವಾಸನೆ, ಹಳೆಯ ಮರದ ಒಣ ಕಂಪು. ಪಿಟೀಲಿನ ತಂತಿಗಳು ಉಕ್ಕಿನವಲ್ಲ, ಕುರಿಯ ಕರುಳನ್ನು ಹುರಿಗೊಳಿಸಿ ಮಾಡಿದವು. ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಗದ್ದ ಊರಲು ಹಲಗೆಯಿಲ್ಲ, ಏಕೆಂದರೆ ಅದು ಬಂದದ್ದು 19ನೆಯ ಶತಮಾನದಲ್ಲಿ. ಕಮಾನು ಈಗಿನದಕ್ಕಿಂತ ಗಿಡ್ಡ, ಹಗುರ, ಕಡ್ಡಿ ಹೊರಕ್ಕೆ ತುಸು ಉಬ್ಬಿದೆ. ಶ್ರುತಿಯೂ ತಗ್ಗಿನದು: ಇಂದಿನ ಆರ್ಕೆಸ್ಟ್ರಾಗಳು 440 ಹರ್ಟ್ಸ್‌ಗೆ ಕೂಡಿಸುವ ‘ಎ’ ಸ್ವರವನ್ನು ಇಲ್ಲಿ ಸಾಮಾನ್ಯವಾಗಿ 415ಕ್ಕೆ, ಅಂದರೆ ಅರ್ಧ ಸ್ವರದಷ್ಟು ಕೆಳಕ್ಕೆ ಇಳಿಸಿರುತ್ತಾರೆ. ಕಮಾನು ಮೊದಲ ಸಲ ತಂತಿಗೆ ತಾಕಿದಾಗ ಸಣ್ಣಗೆ ‘ಖರ್’ ಎಂದು ಕೆರೆದ ಸದ್ದು, ಅದರ ಬೆನ್ನಿಗೇ ಸ್ವರ. ಉಕ್ಕಿನ ತಂತಿಯ ಹೊಳಪಿಗೆ ಒಗ್ಗಿದ ಕಿವಿಗೆ ಇದು ಮೊದಮೊದಲು ಒರಟು. ಸ್ವಲ್ಪ ಹೊತ್ತು ತಡೆದರೆ, ಮಾತಾಡುವಾಗ ವ್ಯಂಜನ ಮೊದಲು ಬಂದು ಸ್ವರ ಹಿಂಬಾಲಿಸುವಂತೆ ಈ ಪಿಟೀಲೂ ನುಡಿಯುತ್ತಿದೆ ಎಂದು ತಿಳಿಯುತ್ತದೆ. ಪಕ್ಕದಲ್ಲಿ ಚೆಲ್ಲೊ ಹಿಡಿದವರು ಕಾಲುಗಳ ನಡುವೆ ವಾದ್ಯ ಇರಿಸಿಕೊಂಡು ಒಂದೇ ಒಂದು ಮಂದ್ರ ಸ್ವರ ಎಳೆದು, ತಲೆಯಾಡಿಸಿ ಸುಮ್ಮನಾಗುತ್ತಾರೆ.

ಈಗ ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗಿ, ಹಾರ್ಪ್ಸಿಕಾರ್ಡಿನ ಮೇಲಿರುವ ಹಾಳೆಯನ್ನು ಇಣುಕಿ ನೋಡೋಣ. ಪಿಟೀಲಿಗೆ ಮೇಲೊಂದು ಸಾಲು, ತುಂಬು ಬರವಣಿಗೆ. ಕೆಳಗಿನ ಸಾಲಿನಲ್ಲಿ ಮಂದ್ರ ಸ್ವರಗಳು ಮಾತ್ರ, ಒಂದರ ಹಿಂದೆ ಒಂದು, ಒಂಟಿ ಒಂಟಿಯಾಗಿ. ಅವುಗಳ ಜೊತೆ ಅಲ್ಲಲ್ಲಿ ಸಣ್ಣ ಅಂಕಿಗಳು: 6, 7, ಒಮ್ಮೆ 4 ಮತ್ತು 3, ಎಲ್ಲೋ ಒಂದು ಶಾರ್ಪ್ ಚಿಹ್ನೆ. ಅಷ್ಟೇ. ಎಡಗೈ ಆ ಮಂದ್ರವನ್ನು ನುಡಿಸುತ್ತದೆ, ಚೆಲ್ಲೊ ಅದನ್ನೇ ಹಿಡಿದು ಎಳೆಯುತ್ತದೆ. ಹಾಗಾದರೆ ಬಲಗೈ ಏನು ಮಾಡಬೇಕು? ಹಾಳೆ ಅದನ್ನು ಹೇಳುವುದಿಲ್ಲ. ‘6’ ಎಂದರೆ ಈ ಮಂದ್ರ ಸ್ವರದ ಮೇಲೆ ಅದರ ಮೂರನೆಯ ಮತ್ತು ಆರನೆಯ ಸ್ವರಗಳು ಕೂಡಲಿ ಎಂದರ್ಥ. ಅಂಕಿಯೇ ಇಲ್ಲದಿದ್ದರೆ ಮೂರು ಮತ್ತು ಐದು. ‘4 3’ ಎಂದರೆ ನಾಲ್ಕರಲ್ಲಿ ತುಸು ತೂಗಾಡಿ ಮೂರಕ್ಕೆ ಇಳಿ ಎಂಬ ಸೂಚನೆ. ಆದರೆ ಆ ಸ್ವರಗಳನ್ನು ಒಟ್ಟಿಗೆ ಒತ್ತಬೇಕೋ, ಬಿಡಿಸಿ ಬಿಡಿಸಿ ಸುರಿಯಬೇಕೋ, ಎರಡೇ ಸಾಕೋ, ಐದು ಬೇಕೋ, ಪಿಟೀಲು ಉಸಿರೆಳೆಯುವ ಸಂದಿಯಲ್ಲಿ ಒಂದು ಪುಟ್ಟ ಸಂಗತಿ ಸೇರಿಸಬೇಕೋ, ಎಲ್ಲವೂ ಆ ಸಂಜೆಯ ಬಲಗೈಗೆ ಬಿಟ್ಟದ್ದು.

ನಮ್ಮ ಕಿವಿಗೆ ಇದು ಪೂರ್ತಿ ಹೊಸತೇನಲ್ಲ. ಪಿಟೀಲು ನಮ್ಮ ಕಛೇರಿಗಳಲ್ಲಿ ಪಕ್ಕವಾದ್ಯ. ಹಾಡುವವರ ಎಡಪಕ್ಕದಲ್ಲಿ ಕೂತು, ಕಾಗದದಲ್ಲಿ ಒಂದಕ್ಷರವೂ ಇಲ್ಲದೆ, ಮುಂದಿನವರ ಮನೋಧರ್ಮವನ್ನು ಹಿಂಬಾಲಿಸುವ ವಾದ್ಯ. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ತಂತಿ ಸೇರಿಸಿ ಏಳು ಮಾಡಿಕೊಂಡದ್ದೂ ದೊಡ್ಡ ಗಾಯಕರ ಪಕ್ಕದಲ್ಲಿ ಅದರ ನಾದ ಸಭೆಯ ಕೊನೆಯ ಸಾಲಿಗೆ ಮುಟ್ಟಲಿ ಎಂದೇ. ಈ ವೇದಿಕೆಯಲ್ಲಿ ಪಾತ್ರ ಅದಲುಬದಲಾಗಿದೆ: ಪಿಟೀಲು ಮುಂದೆ ನಿಂತು ಹಾಡುತ್ತದೆ, ಮನೆಗಳ ವಾದ್ಯ ಪಕ್ಕಕ್ಕೆ ಸರಿದು ಮನೋಧರ್ಮ ನಡೆಸುತ್ತದೆ. ಗಮಕಕ್ಕೆ ಪಳಗಿದ ಕಿವಿ ಇಲ್ಲಿ ಮೊದಲು ಗಮನಿಸುವುದು ಸ್ವರಗಳು ಅಲುಗದೆ ನೇರ ನಿಲ್ಲುವುದನ್ನು. ಜೀವ ಇರುವುದು ಕಮಾನಿನಲ್ಲಿ, ಅದು ಒಂದೇ ಸ್ವರದ ಒಳಗೆ ಏರಿ ಇಳಿಯುವ ರೀತಿಯಲ್ಲಿ. ಸಾಲು ಎರಡನೆಯ ಸಲ ಬಂದಾಗ ಮಾತ್ರ ಅಲಂಕಾರಗಳು ಹೊರಬೀಳುತ್ತವೆ, ಅವೂ ಬಹುಪಾಲು ಬರೆಯದೇ ಇರುವಂಥವು.

ದೀಪ ಪೂರ್ತಿ ಹೊತ್ತಿತು. ಜನ ಕೂತರು. ಮೊದಲ ಭಾಗದ ತಲೆಯ ಮೇಲೆ ‘ಗ್ರಾವೆ’ ಎಂದಿದೆ. ನಿಧಾನ, ಗಂಭೀರ ಎಂಬ ಸೂಚನೆ. ಡಿ ಮೈನರ್. ಪಿಟೀಲು ಅವಸರವಿಲ್ಲದೆ ಹೆಜ್ಜೆಯಿಡುತ್ತದೆ, ಮಂದ್ರ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಕೊಡುತ್ತದೆ, ನಡುವಿನ ಖಾಲಿಯಲ್ಲಿ ಹಾರ್ಪ್ಸಿಕಾರ್ಡಿನ ಬಲಗೈ ಮೆಲ್ಲಗೆ ಸ್ವರಗಳನ್ನು ಚೆಲ್ಲುತ್ತದೆ. ಎಲ್ಲೋ ಒಂದು ಕಡೆ ಮಂದ್ರಕ್ಕೂ ಪಿಟೀಲಿಗೂ ಹೊಂದಿಕೆ ತಪ್ಪಿ ಕಿರಿಕಿರಿ ಏಳುತ್ತದೆ. ಆ ನೋವನ್ನು ಅರೆಕ್ಷಣ ಹೆಚ್ಚೇ ಹಿಡಿದು ಆಮೇಲೆ ಬಿಡುತ್ತಾರೆ. ಮುಂದಿನದು ‘ಅಲ್ಲೆಗ್ರೊ’, ಅಂದರೆ ವೇಗ. ಚೆಲ್ಲೊ ನಡೆಯುವುದನ್ನು ಬಿಟ್ಟು ಓಡತೊಡಗುತ್ತದೆ, ಪಿಟೀಲಿನ ಕಮಾನು ತಂತಿಯಿಂದ ತಂತಿಗೆ ಜಿಗಿಯುತ್ತದೆ, ರಾಳದ ಪುಡಿ ದೀಪದ ಬೆಳಕಿನಲ್ಲಿ ಮಿಣುಗುತ್ತದೆ. ಕಾರ್ಯಕ್ರಮದ ಹಾಳೆಯಲ್ಲಿ ‘ಕೆ. 90’ ಎಂದು ಬರೆದಿದೆ. ಅದರ ಮುಂದಿರುವ ಹೆಸರು ಡೊಮೆನಿಕೊ ಸ್ಕಾರ್ಲಾಟಿ.

ಹೆಸರು ಓದಿದೊಡನೆ, ಪಾಶ್ಚಾತ್ಯ ಸಂಗೀತ ಬಲ್ಲವರು ಹುಬ್ಬೇರಿಸುತ್ತಾರೆ. ಸ್ಕಾರ್ಲಾಟಿ ಎಂದರೆ ಹಾರ್ಪ್ಸಿಕಾರ್ಡ್, ಹಾರ್ಪ್ಸಿಕಾರ್ಡ್ ಎಂದರೆ ಸ್ಕಾರ್ಲಾಟಿ. ಅವನ ಸೊನಾಟಾಗಳು, ಅಂದರೆ ವಾದ್ಯಕ್ಕೆಂದೇ ಬರೆದ ಕೃತಿಗಳು, 555. ಪ್ರತಿಯೊಂದರ ಮುಂದಿರುವ ‘ಕೆ.’ ಅಕ್ಷರ, 1953ರಲ್ಲಿ ಅವನ ಬದುಕು ಮತ್ತು ಸಂಗೀತದ ಮೇಲೆ ದೊಡ್ಡ ಪುಸ್ತಕ ಬರೆದು ಅವಕ್ಕೆ ಕ್ರಮಸಂಖ್ಯೆ ಕೊಟ್ಟ ಹಾರ್ಪ್ಸಿಕಾರ್ಡ್ ವಾದಕ ರಾಲ್ಫ್ ಕರ್ಕ್‌ಪ್ಯಾಟ್ರಿಕ್ ಹೆಸರಿನದು. ಅವುಗಳಲ್ಲಿ ಎಡಗೈ ಬಲಗೈಯ ಮೇಲೆ ಹಾರಿ ಆಚೆ ಬೀಳುತ್ತದೆ, ಒಂದೇ ಸ್ವರವನ್ನು ಬೆರಳು ಬದಲಿಸಿ ಬದಲಿಸಿ ಮೆಷಿನ್ನಿನ ವೇಗದಲ್ಲಿ ಬಡಿಯುತ್ತದೆ, ಹತ್ತು ಬೆರಳಿಗೂ ಬಿಡುವೇ ಇಲ್ಲ. ಅವನನ್ನು ವೆನಿಸ್ಸಿನಲ್ಲಿ ಕೇಳಿದ ಥಾಮಸ್ ರೋಸಿಂಗ್ರೇವ್ ಎಂಬ ತರುಣ ಸಂಗೀತಗಾರನಿಗೆ ಸಾವಿರ ದೆವ್ವಗಳು ಒಟ್ಟಿಗೆ ವಾದ್ಯದ ಮುಂದೆ ಕೂತಂತಾಯಿತು ಎಂಬ ಕತೆಯನ್ನು ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ದಾಖಲಿಸಿದ್ದಾನೆ. ಅಂಥವನು ಪಿಟೀಲನ್ನು ಮುಂದೆ ನಿಲ್ಲಿಸಿ, ತನ್ನ ವಾದ್ಯದ ಬಲಗೈಗೆ ಒಂದೂ ಸ್ವರ ಬರೆಯದೆ, ಬರೀ ಅಂಕಿ ಇಟ್ಟು ಎದ್ದುಹೋಗಿದ್ದಾನೆ.

ಇಂಥ ಸೊನಾಟಾಗಳು ಎಷ್ಟಿವೆ? ಎಂಟು ಎನ್ನಬಹುದು, ಬರೀ ಒಂದು ಮಿನುಯೆಟ್ ಕುಣಿತವಾಗಿರುವ ಕೆ. 80ನ್ನೂ ಸೇರಿಸಿಕೊಂಡರೆ ಒಂಬತ್ತು: 73, 77, 78, 80, 81, ಆಮೇಲೆ 88ರಿಂದ 91. ಒಂಬತ್ತರಲ್ಲಿ ಆರು ಮೈನರ್ ಶ್ರುತಿಯವು. ಉಳಿದ ಸೊನಾಟಾಗಳು ಬಹುಪಾಲು ಒಂದೇ ಭಾಗದವಾದರೆ, ಇವುಗಳಲ್ಲಿ ದೊಡ್ಡವು ಮೂರು ನಾಲ್ಕು ಭಾಗಗಳವು. ಕೆ. 81 ಮತ್ತು ಕೆ. 91 ನಿಧಾನ, ವೇಗ, ಮತ್ತೆ ನಿಧಾನ, ಮತ್ತೆ ವೇಗ ಎಂಬ ಹಳೆಯ ಜಾಡಿನಲ್ಲೇ ನಡೆಯುತ್ತವೆ. ಆ ಜಾಡನ್ನು ಯುರೋಪಿಗೆಲ್ಲ ಕಲಿಸಿದವನು ರೋಮ್‌ನ ಪಿಟೀಲುಗಾರ ಆರ್ಕಾಂಜೆಲೊ ಕೊರೆಲ್ಲಿ. ಅವನ ಐದನೆಯ ಸಂಪುಟದ ಪಿಟೀಲು ಸೊನಾಟಾಗಳು 1700ರಲ್ಲಿ ಅಚ್ಚಾದವು. 1713ರಲ್ಲಿ ಕೊರೆಲ್ಲಿ ತೀರಿಕೊಂಡಾಗ ಸ್ಕಾರ್ಲಾಟಿ ಅದೇ ಊರಿನಲ್ಲಿದ್ದ, ಪೋಲೆಂಡಿನ ವಿಧವೆ ರಾಣಿ ಮರಿಯಾ ಕಾಸಿಮಿರಾಳ ಸಂಗೀತ ಸೇವೆಯಲ್ಲಿ. ಮುಂದೆ ವ್ಯಾಟಿಕನ್ನಿನ ಕಪೆಲ್ಲಾ ಜೂಲಿಯಾದಲ್ಲಿ ಗಾಯನವೃಂದಕ್ಕೆ ಮುಖ್ಯಸ್ಥನಾದ. ಪಿಟೀಲಿನ ಈ ನಡಿಗೆಯನ್ನು ಅವನ ಕಿವಿ ತುಂಬಿಕೊಳ್ಳಲು ರೋಮ್‌ಗಿಂತ ಒಳ್ಳೆಯ ಜಾಗ ಆಗ ಇರಲಿಲ್ಲ.

ಸ್ಕಾರ್ಲಾಟಿ ಹುಟ್ಟಿದ್ದು ನೇಪಲ್ಸಿನಲ್ಲಿ, 1685ರ ಅಕ್ಟೋಬರಿನಲ್ಲಿ. ಬಾಖ್ ಮತ್ತು ಹ್ಯಾಂಡೆಲ್ ಹುಟ್ಟಿದ ವರ್ಷವೂ ಅದೇ. ತಂದೆ ಅಲೆಸ್ಸಾಂಡ್ರೊ ಸ್ಕಾರ್ಲಾಟಿ ಒಪೆರಾ ಲೋಕದ ದೊಡ್ಡ ಹೆಸರು. ಹತ್ತು ಮಕ್ಕಳಲ್ಲಿ ಆರನೆಯವನಾದ ಡೊಮೆನಿಕೊ ಅಪ್ಪನ ದಾರಿಯಲ್ಲೇ ಒಪೆರಾ, ಚರ್ಚ್ ಸಂಗೀತ ಬರೆಯುತ್ತ ನಡುವಯಸ್ಸಿಗೆ ಬಂದ. ಬದುಕು ತಿರುಗಿದ್ದು 1719ರಲ್ಲಿ, ಲಿಸ್ಬನ್ನಿನ ಅರಮನೆಗೆ ಹೋದಾಗ. ಅಲ್ಲಿ ಪಾಠ ಹೇಳಬೇಕಾಗಿದ್ದ ಶಿಷ್ಯೆ ದೊರೆಯ ಮಗಳು ಮರಿಯಾ ಬಾರ್ಬರಾ, ಇನ್ನೂ ಪುಟ್ಟ ಹುಡುಗಿ. 1729ರಲ್ಲಿ ಅವಳನ್ನು ಸ್ಪೇನಿನ ಯುವರಾಜನಿಗೆ ಕೊಟ್ಟು ಮದುವೆ ಮಾಡಿದರು. ಗುರುವೂ ಅವಳ ಹಿಂದೆ ಹೊರಟ. ಮೊದಲು ಸೆವಿಲ್, ನಾಲ್ಕು ವರ್ಷಗಳ ಬಳಿಕ ಮ್ಯಾಡ್ರಿಡ್. ಸೆವಿಲ್ಲಿನ ಬೀದಿಗಳ ಗಿಟಾರ್, ಚಪ್ಪಾಳೆ, ಕುಣಿತದ ಕಾಲಿನ ಹೊಡೆತಗಳೆಲ್ಲ ಅವನ ಹಾರ್ಪ್ಸಿಕಾರ್ಡಿಗೆ ಇಳಿದುವು ಎಂದು ಕೇಳಿದವರೆಲ್ಲ ಹೇಳುತ್ತಾರೆ. ಶಿಷ್ಯೆ ಮುಂದೆ ಸ್ಪೇನಿನ ರಾಣಿಯಾದಳು. ತೀರಿಕೊಂಡಾಗ ಅವಳ ಬಳಿ ಮನೆಗಳ ವಾದ್ಯಗಳು ಹನ್ನೆರಡು ಇದ್ದುವು. ಹಾರ್ಪ್ಸಿಕಾರ್ಡುಗಳ ಜೊತೆಗೆ ಫ್ಲಾರೆನ್ಸಿನಲ್ಲಿ ಹುಟ್ಟಿದ್ದ ಪಿಯಾನೊಗಳೂ. ಅರಮನೆಯಿಂದ ಅರಮನೆಗೆ ಆಸ್ಥಾನ ಸರಿದಾಡುವಾಗ ಎಲ್ಲಿ ಹೋದರೂ ಗುರುವಿಗೆ ಒಂದು ವಾದ್ಯ ಕಾದಿರುತ್ತಿತ್ತು.

ಆ ರಾಣಿಗಾಗಿ ನಕಲು ಮಾಡಿಸಿದ ಪುಸ್ತಕಗಳಿಂದಲೇ ನಮಗೆ ಈ ಸಂಗೀತದ ಬಹುಪಾಲು ಉಳಿದದ್ದು. ಸೊನಾಟಾಗಳಲ್ಲಿ ಒಂದಕ್ಕೂ ಸ್ಕಾರ್ಲಾಟಿಯ ಕೈಬರಹದ ಮೂಲ ಸಿಕ್ಕಿಲ್ಲ. ಉಳಿದಿರುವುದು ನಕಲುಗಾರರ ದುಂಡಗಿನ, ಸ್ವಚ್ಛ ಬರವಣಿಗೆ: ಕೆಂಪು ತೊಗಲಿನ ಹೊದಿಕೆ, ಅದರ ಮೇಲೆ ಚಿನ್ನದಲ್ಲಿ ಒತ್ತಿದ ಸ್ಪೇನ್ ಮತ್ತು ಪೋರ್ಚುಗಲ್ಲಿನ ರಾಜಲಾಂಛನಗಳು, ಒಳಗೆ ಸೊನಾಟಾದ ಹಿಂದೆ ಸೊನಾಟಾ. ಇಂಥ ಹದಿನೈದು ಸಂಪುಟಗಳು. ರಾಣಿ 1758ರಲ್ಲಿ ಸಾಯುವಾಗ ತನ್ನ ಸಂಗೀತವನ್ನು ಗಾಯಕ ಫರಿನೆಲ್ಲಿಗೆ ಬಿಟ್ಟುಹೋದಳು. ಹೊಸ ದೊರೆಗೆ ಬೇಡವಾದ ಫರಿನೆಲ್ಲಿ ಗಂಟುಮೂಟೆಯ ಜೊತೆ ಅವನ್ನೂ ಬೊಲೊನ್ಯಾಕ್ಕೆ ಹೊತ್ತೊಯ್ದ. ಕೈಯಿಂದ ಕೈಗೆ ದಾಟಿ ಅವು ವೆನಿಸ್ಸಿನ ಮಾರ್ಚಿಯಾನಾ ಗ್ರಂಥಾಲಯಕ್ಕೆ ಸೇರಿದ್ದು 1835ರಲ್ಲಿ. ಇಂದಿಗೂ ಅಲ್ಲೇ ಇವೆ.

ಹದಿನೈದರಲ್ಲಿ ಎಲ್ಲಕ್ಕಿಂತ ಹಳೆಯದು 1742ರದ್ದು. ಬೇರೆ ಬೇರೆ ಕಾಲದ ತುಣುಕುಗಳನ್ನೆಲ್ಲ ಗುಡ್ಡೆ ಹಾಕಿದಂತಿರುವ ಆ ಸಂಪುಟದಲ್ಲಿ, ಎರಡು ಕೈಗೂ ಬಿಡುವಿಲ್ಲದ ಹಾರ್ಪ್ಸಿಕಾರ್ಡ್ ತುಣುಕುಗಳ ನಡುವೆ ಥಟ್ಟನೆ ಹಾಳೆ ಬಡವಾಗುತ್ತದೆ. ಮೇಲೆ ಒಂದು ರಾಗ, ಕೆಳಗೆ ಅಂಕಿ ಹೊತ್ತ ಮಂದ್ರ. ಯಾವ ವಾದ್ಯಕ್ಕೆ ಎಂದು ನಕಲುಗಾರ ಬರೆದಿಲ್ಲ. ಬಹಳ ಕಾಲ ಇವನ್ನೂ ಒಬ್ಬರೇ ಹಾರ್ಪ್ಸಿಕಾರ್ಡಿನಲ್ಲಿ ನುಡಿಸಿದ್ದುಂಟು, ಈಗಲೂ ನುಡಿಸುವವರಿದ್ದಾರೆ. ಆದರೆ ಒಬ್ಬರೇ ನುಡಿಸುವ ಸಂಗೀತಕ್ಕೆ ಅಂಕಿಗಳೇಕೆ? ಜೊತೆಗೆ ಇನ್ನೊಬ್ಬರಿದ್ದಾಗಲೇ ಅಂಕಿಗೆ ಅರ್ಥ. ಮೇಲಿನ ಸಾಲು ಹಿಡಿದ ಸ್ವರದಲ್ಲಿ ನಿಲ್ಲುವ ರೀತಿಯೂ ಮೀಟಿದ ತಂತಿಗಿಂತ ಕಮಾನಿಗೆ ಒಪ್ಪುತ್ತದೆ. ಹೀಗೆ ಇವು ಪಿಟೀಲಿನ ಪಾಲಿಗೆ ಬಂದುವು. ಪಿಟೀಲೊಂದೇ ಹಕ್ಕುದಾರನೂ ಅಲ್ಲ. ಪ್ಯಾರಿಸ್ಸಿನ ಇನ್ನೊಂದು ಹಸ್ತಪ್ರತಿಯಲ್ಲಿ ಕೆ. 89ರ ಮೊದಲ ಭಾಗದ ತಲೆಯ ಮೇಲೆ ಮ್ಯಾಂಡೊಲಿನ್ ಮತ್ತು ಹಾರ್ಪ್ಸಿಕಾರ್ಡ್‌ಗೆ ಎಂದೇ ಬರೆದಿದೆ. ಕೊಳಲಿನಲ್ಲಿ, ವಿಯೊಲಾ ದ’ಅಮೋರೆಯಲ್ಲಿ ನುಡಿಸಿದವರೂ ಇದ್ದಾರೆ.

ಅದೇ ಕೆ. 89 ಈಗ ವೇದಿಕೆಗೆ ಬಂದಿದೆ, ಇದೂ ಡಿ ಮೈನರ್. ಮೊದಲ ಅಲ್ಲೆಗ್ರೊ ಬಾಗಿಲು ತಟ್ಟದೆ ನುಗ್ಗುತ್ತದೆ. ಕಮಾನಿನ ಗಿಡ್ಡ ಗಿಡ್ಡ ಹೊಡೆತಗಳಲ್ಲಿ ಮ್ಯಾಂಡೊಲಿನ್ ಮೀಟಿನ ನೆನಪು ಇದ್ದೇ ಇದೆ. ನಡುವೆ ಪುಟ್ಟ ಗ್ರಾವೆ. ಹಾರ್ಪ್ಸಿಕಾರ್ಡಿನವರು ಇಲ್ಲಿ ಸ್ವರಗಳನ್ನು ಕಡಿಮೆ ಮಾಡುತ್ತ ಮಾಡುತ್ತ, ಒಂದು ಕಡೆ ಮಂದ್ರ ಮಾತ್ರ ಒತ್ತಿ ಬಲಗೈಯನ್ನು ಮಡಿಲಿನಲ್ಲಿ ಇಟ್ಟುಕೊಂಡೇ ಬಿಡುತ್ತಾರೆ. ಏನನ್ನೂ ನುಡಿಸದಿರುವುದೂ ಆ ಖಾಲಿ ಜಾಗ ಕೊಟ್ಟ ಸ್ವಾತಂತ್ರ್ಯವೇ. ಕೊನೆಯ ಅಲ್ಲೆಗ್ರೊದಲ್ಲಿ ಅದೇ ಕೈ ಹಟಕ್ಕೆ ಬಿದ್ದಂತೆ ತುಂಬು ಮುಷ್ಟಿಯಷ್ಟು ಸ್ವರಗಳನ್ನು ಎತ್ತಿ ಹಾಕುತ್ತದೆ, ಪಿಟೀಲುಗಾರರು ತಿರುಗಿ ನೋಡಿ ನಗುತ್ತಾರೆ. ಜಿ ಮೈನರಿನ ಕೆ. 88 ಮೂರು ಭಾಗ ನಡೆದು ನಾಲ್ಕನೆಯದರಲ್ಲಿ ಮಿನುಯೆಟ್ ಕುಣಿತಕ್ಕೆ ಇಳಿಯುತ್ತದೆ. ಎಫ್ ಮೇಜರಿನ ಕೆ. 78ರ ತಲೆಯ ಮೇಲೆ ಕುಣಿತದ ಹೆಸರೇ ಇದೆ, ಜಿಗ್ ಎಂದು. ಮುಂದಿನ ಸಾಲಿನಲ್ಲಿ ಕೂತ ಮಗುವಿನ ಕಾಲು ತಾನಾಗಿಯೇ ಕುರ್ಚಿಯಡಿ ತೂಗಾಡತೊಡಗುತ್ತದೆ. ಕೆ. 77ರ ಆರಂಭಕ್ಕೆ ‘ಮೊಡೆರಾಟೊ ಎ ಕಾಂಟಾಬಿಲೆ’ ಎಂಬ ಸೂಚನೆ, ಹದವಾದ ವೇಗದಲ್ಲಿ ಹಾಡುವ ಹಾಗೆ ಎಂದು. ಹಾಡು ಎಂಬ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ: ಒಪೆರಾ ಮನೆಯಲ್ಲಿ ಹುಟ್ಟಿ ಬೆಳೆದು ಗಾಯಕರಿಗೆ ಬರೆದೇ ಅರ್ಧ ಆಯುಷ್ಯ ಕಳೆದವನ ರಾಗ ಎಲ್ಲಿ ಉಸಿರು ತೆಗೆಯಬೇಕೋ ಅಲ್ಲೇ ತೆಗೆಯುತ್ತದೆ.

ಇವು ಸ್ಕಾರ್ಲಾಟಿಯ ಅತಿ ದೊಡ್ಡ ಕೃತಿಗಳೇನೂ ಅಲ್ಲ. ಹಾರ್ಪ್ಸಿಕಾರ್ಡ್ ಸೊನಾಟಾಗಳ ದಿಢೀರ್ ತಿರುವುಗಳು, ಶ್ರುತಿಯಿಂದ ಶ್ರುತಿಗೆ ನೆಗೆಯುವ ಆ ಕಿಡಿಗೇಡಿತನ ಇಲ್ಲಿ ಕಡಿಮೆ. ಹಳೆಯ ಶಿಸ್ತಿಗೆ ಒಪ್ಪಿ ನಡೆಯುವ ಬರವಣಿಗೆ ಇದು. ಆದರೆ ಎಲ್ಲವನ್ನೂ ಹತ್ತು ಬೆರಳಲ್ಲಿ ತಾನೇ ಹೇಳಿ ಮುಗಿಸಬಲ್ಲವನು ಹೇಳದೆ ಬಿಟ್ಟಾಗ ಏನಾಗುತ್ತದೆ ಎಂಬುದು ಇಲ್ಲಿ ಮಾತ್ರ ಕೇಳಿಸುತ್ತದೆ. ಕೆ. 90ನ್ನು ಮೂರು ಧ್ವನಿಮುದ್ರಣಗಳಲ್ಲಿ ಕೇಳಿದರೆ ಪಿಟೀಲಿನ ಸಾಲು ಮೂರರಲ್ಲೂ ಒಂದೇ; ನಡುವಿನ ಪದರ ಮೂರು ಜನರ ಮೂರು ಸ್ವಭಾವ. ಒಬ್ಬರು ಗಿಟಾರಿನಂತೆ ಸ್ವರಗಳನ್ನು ಗೀರುತ್ತಾರೆ, ಒಬ್ಬರು ಪಿಟೀಲಿನ ಮಾತಿಗೆ ಎದುರುತ್ತರ ಕಟ್ಟುತ್ತಾರೆ, ಇನ್ನೊಬ್ಬರು ಹೌದೋ ಅಲ್ಲವೋ ಎಂಬಷ್ಟೇ ನುಡಿಸಿ ಪಿಟೀಲನ್ನು ಒಂಟಿಯಾಗಿ ನಿಲ್ಲಿಸುತ್ತಾರೆ. ಮೂರೂ ಸ್ಕಾರ್ಲಾಟಿ ಬರೆದದ್ದಕ್ಕೆ ನಿಷ್ಠವೇ.

ಈ ಕಿವಿಯನ್ನೇ ಇಟ್ಟುಕೊಂಡು, ಅವನ ಹಾರ್ಪ್ಸಿಕಾರ್ಡ್ ಸೊನಾಟಾಗಳಿಗೆ ಮರಳಿ ಹೋಗಬೇಕು. 1750ರ ದಶಕದ ಸಂಪುಟಗಳಲ್ಲಿ ಕೆ. 208 ಎಂಬ ಎ ಮೇಜರ್ ಸೊನಾಟಾ ಇದೆ, ‘ಅಡಾಜಿಯೊ ಎ ಕಾಂಟಾಬಿಲೆ’, ನಿಧಾನವಾಗಿ ಹಾಡುವ ಹಾಗೆ. ಎಡಗೈ ಸಮನಾದ ಹೆಜ್ಜೆಯಲ್ಲಿ ನಡೆಯುತ್ತದೆ. ಬಲಗೈ ಒಂದೇ ಎಳೆಯಲ್ಲಿ, ತಡವರಿಸುತ್ತ, ಮತ್ತೆ ಹರಿಯುತ್ತ ಹಾಡುತ್ತದೆ. ನಡುವೆ ತುಂಬುವುದೆಂಬುದೇ ಹೆಚ್ಚಿಲ್ಲ. ಪಿಟೀಲು ಮತ್ತು ಮಂದ್ರದ ಅದೇ ಹಾಳೆಯನ್ನು ಮುದುಕನಾದ ಸ್ಕಾರ್ಲಾಟಿ ಎರಡು ಕೈಗೆ ಹಂಚಿಕೊಂಡಂತಿದೆ. ಆಮೇಲೆ ಡಿ ಮೈನರಿನ ಕೆ. 141 ಹಾಕಿ. ಸಿಡಿಲಿನಂತೆ ಒಂದೇ ಸ್ವರವನ್ನು ಬಡಿಯುವ ಆ ಸೊನಾಟಾವನ್ನು ಪಿಯಾನೊ ವಾದಕರು ಚಮತ್ಕಾರಕ್ಕೆಂದು ನುಡಿಸುವುದುಂಟು, ನಾವೂ ಹಾಗೆಂದೇ ಬೆರಗಾಗುವುದುಂಟು. ಪಿಟೀಲು, ಮ್ಯಾಂಡೊಲಿನ್ ಕೇಳಿ ಬಂದ ಕಿವಿಗೆ ಅಲ್ಲಿ ಕೇಳುವುದು ಮನೆಗಳ ವಾದ್ಯವಲ್ಲ. ಯಾರೋ ತಂತಿಯೊಂದನ್ನು ಬಿಗಿಯಾಗಿ ಹಿಡಿದು, ಬಿಡುವಿಲ್ಲದೆ ಮೀಟುತ್ತಿದ್ದಾರೆ.